ಮಧ್ಯಾಹ್ನ ಹುಡುಕಿದರೆ ಸಿಗದ ಹೂವು

ಹೋದ ಸಂಚಿಕೆಯ ಕೊನೆಯಲ್ಲಿ ಸ್ವಲ್ಪ ಜಾಗ ಉಳಿದಿತ್ತು ಅಂತ ಬಂಡೆ ಸಂದಿನಲ್ಲಿ ಬೆಳೆಯುವ ಪುಟ್ಟ ನೀಲಿ ಹೂವಿನ ಗಿಡ ವಿಷ್ಣುಕ್ರಾಂತಿಯ ಬಗ್ಗೆ ನಾಲ್ಕು ಸಾಲು ಗೀಚಿದ್ದೆ. ಅದಕ್ಕೆ ಇಷ್ಟು ಪತ್ರ ಬರುತ್ತವೆ ಅಂದುಕೊಂಡಿರಲಿಲ್ಲ. ನಿಂಬೆ ಗಿಡದ ಎಲೆ ಮುರುಟು, ಗುಲಾಬಿಯ ಗೊಬ್ಬರ, ಕರಿಬೇವಿನ ಚಿಗುರು ತಿನ್ನುವ ಹುಳ, ಎಲ್ಲ ಮುಂದಿನ ತಿಂಗಳಿಗೆ ಇರಲಿ. ಈ ಸಲ ಪೂರ್ತಿ ವಿಷ್ಣುಕ್ರಾಂತಿಯೇ.

ಹೊಸ ಓದುಗರಿಗೆ ನನ್ನ ಪರಿಚಯ ಒಂದೆರಡು ಸಾಲಿನಲ್ಲಿ. ನಾನು ಪ್ರೊಫೆಸರ್ ಅಲ್ಲ. ಮೈಸೂರಿನ ಒಂದು ಕಾಲೇಜಿನ ಬಾಟನಿ ಲ್ಯಾಬಿನಲ್ಲಿ 31 ವರ್ಷ ಅಟೆಂಡರ್ ಆಗಿದ್ದವಳು. ಗಿಡಗಳನ್ನು ಹಳೆ ಪೇಪರಿನ ಮಧ್ಯೆ ಒತ್ತಿ, ಒಣಗಿಸಿ, ಹಾಳೆಗೆ ಅಂಟಿಸಿ, ಹೆಸರು ಬರೆದು ಬೀರುವಿನಲ್ಲಿ ಇಡುವುದು ನನ್ನ ಕೆಲಸವಾಗಿತ್ತು. ಕಲಿತದ್ದೆಲ್ಲ ಆ ಮೇಜಿನ ಮೇಲೆ. ಇನ್ನು ನಿಮ್ಮ ಪತ್ರಗಳು, ಒಂದೊಂದರ ಕೆಳಗೆ ನನ್ನ ಉತ್ತರ.

ವಾರಕ್ಕೆ ಎರಡು ಸಲ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತುತ್ತೇನೆ. ದೊಡ್ಡ ನಂದಿಗಿಂತ ಸ್ವಲ್ಪ ಕೆಳಗೆ, ಮೆಟ್ಟಿಲ ಪಕ್ಕದ ಬಂಡೆಯ ಬಿರುಕಿನಲ್ಲಿ, ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಶರ್ಟಿನ ಗುಂಡಿಯಷ್ಟು ದೊಡ್ಡ ನೀಲಿ ಹೂವು ಹತ್ತಾರು ಕಂಡವು. ಭಾನುವಾರ ಮಗಳಿಗೆ ತೋರಿಸೋಣ ಅಂತ ಮಧ್ಯಾಹ್ನ ಎರಡಕ್ಕೆ ಕರೆದುಕೊಂಡು ಹೋದರೆ ಒಂದೂ ಇಲ್ಲ. ಯಾರಾದರೂ ಕಿತ್ತುಕೊಂಡು ಹೋದರೋ? ಅದು ನೀವು ಬರೆದ ವಿಷ್ಣುಕ್ರಾಂತಿಯೇ ಅಂತ ಗುರುತಿಸುವುದು ಹೇಗೆ?
— ಬ್ಯಾಂಕ್ ಉದ್ಯೋಗಿ, ವಿಜಯನಗರ, ಮೈಸೂರು

ಯಾರೂ ಕಿತ್ತಿಲ್ಲ. ನೀವು ಹೋಗಿದ್ದು ತಡವಾಯಿತು, ಅಷ್ಟೇ. ಆ ಹೂವು ಬೆಳಿಗ್ಗೆ ಬಿಸಿಲು ಬಂದ ಮೇಲೆ ಅರಳುತ್ತದೆ, ಮಧ್ಯಾಹ್ನದ ಹೊತ್ತಿಗೆ ಮುದುಡುತ್ತದೆ. ಮುದುಡಿದ್ದು ಮತ್ತೆ ಅರಳುವುದಿಲ್ಲ. ಮಾರನೇ ದಿನ ಕಾಣುವುದು ಬೇರೆ ಹೂವು. ಮೋಡ ಕವಿದ ದಿನ ಸ್ವಲ್ಪ ಹೊತ್ತು ಜಾಸ್ತಿ ಇರಬಹುದು, ಅದರ ಮೇಲೆ ಭರವಸೆ ಇಟ್ಟುಕೊಂಡು ಮೆಟ್ಟಿಲು ಹತ್ತಬೇಡಿ.

ಈ ವಿಷಯ ನಾನು ಕಲಿತದ್ದು ಬೈಸಿಕೊಂಡು. ಡಿಗ್ರಿ ಹುಡುಗರ ಪ್ರಾಕ್ಟಿಕಲ್ ಪರೀಕ್ಷೆಗೆ ಸ್ಪಾಟರ್, ಅಂದರೆ ನೋಡಿ ಹೆಸರು ಬರೆಯಬೇಕಾದ ಮಾದರಿಗಳನ್ನು ಜೋಡಿಸಬೇಕಿತ್ತು. ನಾನು ಬೆಳಿಗ್ಗೆ ಎಂಟಕ್ಕೇ ಹೋಗಿ, ಹೂವು ತುಂಬಿದ ವಿಷ್ಣುಕ್ರಾಂತಿಯ ಎರಡು ಕಡ್ಡಿ ಕತ್ತರಿಸಿ ತಂದು, ನೀರು ತುಂಬಿದ ಗಾಜಿನ ಟ್ಯೂಬಿನಲ್ಲಿ ನಿಲ್ಲಿಸಿ, ‘ಸ್ಪಾಟರ್ 7’ ಅಂತ ಚೀಟಿ ಅಂಟಿಸಿದೆ. ನನ್ನಷ್ಟು ಅಚ್ಚುಕಟ್ಟು ಯಾರೂ ಇಲ್ಲ ಅಂದುಕೊಂಡೆ. ಪರೀಕ್ಷೆ ಶುರುವಾಗಿದ್ದು ಎರಡು ಗಂಟೆಗೆ. ಅಷ್ಟರಲ್ಲಿ ಟ್ಯೂಬಿನಲ್ಲಿ ಇದ್ದದ್ದು ಒಂದು ಹಸಿರು ಕಡ್ಡಿ, ಅದರ ತುದಿಗಳಲ್ಲಿ ನೀಲಿ ಕಸ. ಒಬ್ಬ ಹುಡುಗ ‘ಹುಲ್ಲು’ ಅಂತ ಬರೆದಿದ್ದ. ಇನ್ನೊಬ್ಬ ಜಾಗ ಖಾಲಿ ಬಿಟ್ಟು ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದ. ಹೊರಗಿನಿಂದ ಬಂದ ಪರೀಕ್ಷಕರ ಎದುರಿಗೇ ನಮ್ಮ ಮೇಷ್ಟ್ರು ನನ್ನನ್ನು ಕರೆದು, ‘ಏನಮ್ಮ, ಇದು ಬೆಳಗಿನ ಹೂವು ಅಂತ ಗೊತ್ತಿಲ್ವಾ’ ಅಂದರು. ಗೊತ್ತಿರಲಿಲ್ಲ. ಆ ಪ್ರಶ್ನೆಯ ಅಂಕ ಎಲ್ಲರಿಗೂ ಕೊಟ್ಟರು.

ಈಗ ಗುರುತು ಹಿಡಿಯುವ ವಿಚಾರ. ಮುಂದಿನ ಸಲ ಹೂವನ್ನು ಕೀಳಬೇಡಿ, ಮೊಣಕಾಲೂರಿ ಕೂತು ನೋಡಿ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಪುಟ್ಟ ಲೆನ್ಸ್ ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ಮೊಬೈಲ್ ಕ್ಯಾಮೆರಾ ಸಾಕು. ಹೂವಿನ ಅಗಲ 6ರಿಂದ 10 ಮಿಲಿಮೀಟರ್. ಬಣ್ಣ ತಿಳಿ ನೀಲಿ, ಮಧ್ಯೆ ಬಿಳಿ. ಅಪರೂಪಕ್ಕೆ ಪೂರ್ತಿ ಬಿಳಿ ಹೂವೂ ಸಿಗುತ್ತದೆ. ಎಸಳು ಐದು, ಆದರೆ ಬಿಡಿ ಬಿಡಿ ಅಲ್ಲ. ಒಂದಕ್ಕೊಂದು ಕೂಡಿಕೊಂಡು ಪುಟ್ಟ ತಟ್ಟೆಯ ಹಾಗಿರುತ್ತವೆ. ಹೂವನ್ನು ಬೆರಳಿಂದ ಮೆಲ್ಲಗೆ ಓರೆ ಮಾಡಿ ಹಿಂಭಾಗ ನೋಡಿದರೆ ಐದು ಪಟ್ಟೆ ನಕ್ಷತ್ರದಂತೆ ಕಾಣುತ್ತವೆ. ಮೊಗ್ಗಿನಲ್ಲಿ ಇದು ಕೊಡೆ ಮಡಿಸಿದ ಹಾಗೆ ಮಡಿಚಿಕೊಂಡಿತ್ತು, ಅದರ ಗುರುತು ಅದು.

ಒಳಗೆ ಬಿಳಿ ಕೇಸರ ಐದು. ಅವುಗಳ ನಡುವೆ ನೋಡಬೇಕಾದ್ದು ಇರುವುದು. ಕಾಯಿಯಾಗುವ ಭಾಗದ ನೆತ್ತಿಯಿಂದ ಎರಡು ಎಳೆ ಏಳುತ್ತವೆ. ಪ್ರತಿ ಎಳೆಯೂ ಮತ್ತೆ ಎರಡಾಗಿ ಸೀಳಿಕೊಳ್ಳುತ್ತದೆ. ಒಟ್ಟು ನಾಲ್ಕು ತುದಿ, ಕೂದಲಿಗಿಂತ ತೆಳ್ಳಗೆ. ಆ ನಾಲ್ಕು ಕಂಡರೆ ನೀವು ಸರಿಯಾದ ಕುಲಕ್ಕೆ ಬಂದಿದ್ದೀರಿ. ಬೀರುವಿನಲ್ಲಿ ಇಡುವ ಮೊದಲು ನಾನು ಯಾವಾಗಲೂ ಅದನ್ನೇ ಎಣಿಸುತ್ತಿದ್ದೆ.

ಎಲೆ ಅಂಗುಲಕ್ಕಿಂತ ಚಿಕ್ಕದು, ಮೊಟ್ಟೆಯಾಕಾರದಿಂದ ಹಿಡಿದು ಈಟಿಯಾಕಾರದವರೆಗೆ, ಕಡ್ಡಿಯ ಮೇಲೆ ಒಂದು ಆ ಕಡೆ ಒಂದು ಈ ಕಡೆ. ಎಲೆಗೂ ಕಡ್ಡಿಗೂ ರೇಷ್ಮೆಯಂಥ ರೋಮ. ಬೆಳಗಿನ ಬಿಸಿಲಿಗೆ ಎದುರಾಗಿ ನೋಡಿದರೆ ಇಡೀ ಗಿಡದ ಸುತ್ತ ಬೆಳ್ಳಿಯ ಅಂಚು ಹಾಕಿದ ಹಾಗೆ ಕಾಣುತ್ತದೆ. ಕಡ್ಡಿಗಳು ಒಂದೇ ಬುಡದಿಂದ ಎಲ್ಲ ದಿಕ್ಕಿಗೂ ನೆಲದ ಮೇಲೆ ಚಾಚಿರುತ್ತವೆ. ಯಾವುದನ್ನೂ ಸುತ್ತಿಕೊಳ್ಳುವುದಿಲ್ಲ.

ಈ ಸುತ್ತಿಕೊಳ್ಳದ ವಿಷಯಕ್ಕೆ ಒಂದು ಕಥೆ ಇದೆ. ವಿಷ್ಣುಕ್ರಾಂತಿ ಗೆಣಸಿನ ದಾಯಾದಿ. ಸಂಕ್ರಾಂತಿಗೆ ಬೇಯಿಸುತ್ತೇವಲ್ಲ, ಅದೇ ಗೆಣಸು. ಆ ಮನೆತನದಲ್ಲಿ ಹೆಚ್ಚಿನವು ಹಬ್ಬುವ ಬಳ್ಳಿಗಳು. ಗಿಡಗಳಿಗೆ ಹೆಸರಿಡುವ ಪದ್ಧತಿ ಹಾಕಿಕೊಟ್ಟ ಸ್ವೀಡನ್ನಿನ ವಿಜ್ಞಾನಿ ಲಿನ್ನೇಯಸ್ 1753ರಲ್ಲಿ ಇದನ್ನು ಕಾನ್ವಾಲ್ವುಲಸ್, ಅಂದರೆ ಸುತ್ತಿಕೊಳ್ಳುವ ಗಿಡಗಳ ಗುಂಪಿಗೆ ಸೇರಿಸಿದ್ದರು. 1762ರಲ್ಲಿ ತಾವೇ ತಿದ್ದಿ ಎವಾಲ್ವುಲಸ್ ಗುಂಪಿಗೆ ಹಾಕಿದರು. ಸುತ್ತಿಕೊಳ್ಳದ್ದು ಅಂತ ಅರ್ಥ. ಪೂರ್ತಿ ಹೆಸರು ಎವಾಲ್ವುಲಸ್ ಆಲ್ಸಿನಾಯ್ಡಿಸ್. ಅದಕ್ಕೂ ಮುಂಚೆ, ಹದಿನೇಳನೇ ಶತಮಾನದಲ್ಲಿ ಕೊಚ್ಚಿಯ ಡಚ್ ಗವರ್ನರ್ ವಾನ್ ರೀಡ್ ಮಲಬಾರಿನ ಗಿಡಗಳ ಚಿತ್ರ ಬರೆಸಿ, ಹನ್ನೆರಡು ಸಂಪುಟ ಮಾಡಿಸಿದ್ದರು. ಅದರಲ್ಲಿ ಇದರ ಹೆಸರು ‘ವಿಸ್ತ್ನು ಕ್ಲಾಂದಿ’ ಅಂತಿದೆ. ಡಚ್ಚರ ಕಿವಿಗೆ ವಿಷ್ಣುಕ್ರಾಂತಿ ಹಾಗೆ ಕೇಳಿಸಿರಬೇಕು. ನನಗೆ ಅದನ್ನು ಓದಿದಾಗಲೆಲ್ಲ ನಗು ಬರುತ್ತದೆ.

ಮಂಡ್ಯದ ಒಂದು ನರ್ಸರಿಯಲ್ಲಿ ‘ವಿಷ್ಣುಕ್ರಾಂತಿ’ ಅಂತ ಕೊಟ್ಟ ಗಿಡ ತಂದಿದ್ದೇನೆ. ಚೆನ್ನಾಗಿ ಹೂ ಬಿಡುತ್ತಿದೆ. ಆದರೆ ಹೂವು ಒಂದು ರೂಪಾಯಿ ನಾಣ್ಯದಷ್ಟು ದೊಡ್ಡದು, ಬಣ್ಣವೂ ಗಾಢ. ನಮ್ಮ ಅಜ್ಜಿ ನೋಡಿ ‘ಇದು ಅದಲ್ಲ ಬಿಡು’ ಅಂದರು. ಯಾರ ಮಾತು ಸರಿ?
— ಗೃಹಿಣಿ, ವಿದ್ಯಾನಗರ, ಮಂಡ್ಯ

ಅಜ್ಜಿಯದು. ಆದರೆ ನರ್ಸರಿಯವರು ತೀರಾ ಸುಳ್ಳು ಹೇಳಿದ್ದಾರೆ ಅಂತಲೂ ಅಲ್ಲ. ನಿಮ್ಮ ಗಿಡವೂ ಎವಾಲ್ವುಲಸ್ಸೇ, ಅದೇ ಕುಲದ ಬ್ರೆಜಿಲ್ ನೆಂಟ. ಎವಾಲ್ವುಲಸ್ ಗ್ಲೋಮರೇಟಸ್ ಅಂತ ಹೆಸರು, ಮಾರುವಾಗ ‘ಬ್ಲೂ ಡೇಜ್’ ಅನ್ನುತ್ತಾರೆ. ಅಪಾರ್ಟ್‌ಮೆಂಟಿನ ಗೇಟಿನ ಪಕ್ಕ, ರಸ್ತೆ ವಿಭಜಕದ ಕುಂಡಗಳಲ್ಲಿ, ಎಲ್ಲ ಕಡೆ ಈಗ ಇದೇ.

ಒಂದು ಸುಲಭದ ಗುರುತು ಹೇಳುತ್ತೇನೆ. ಬಣ್ಣ, ಅಳತೆ ಬಿಡಿ, ತೊಟ್ಟು ನೋಡಿ. ನಮ್ಮ ಬಂಡೆಯ ವಿಷ್ಣುಕ್ರಾಂತಿಯ ಹೂವು ಎಲೆಯ ಕಂಕುಳಿಂದ ಹೊರಟ ಹೊಲಿಗೆ ದಾರದಂಥ ತೊಟ್ಟಿನ ತುದಿಯಲ್ಲಿ ಇರುತ್ತದೆ. ಆ ತೊಟ್ಟು ಎಷ್ಟೋ ಸಲ ಎಲೆಗಿಂತ ಉದ್ದ. ಉಫ್ ಅಂದರೆ ಹೂವು ಅಲ್ಲಾಡುತ್ತದೆ. ಬ್ಲೂ ಡೇಜ್‌ನಲ್ಲಿ ತೊಟ್ಟು ಇಲ್ಲವೇ ಇಲ್ಲ ಅನ್ನುವಷ್ಟು ಗಿಡ್ಡ. ಹೂವುಗಳು ಕಡ್ಡಿಯ ತುದಿಯಲ್ಲಿ, ಎಲೆಗಳ ಮಧ್ಯೆ ಗುಂಪಾಗಿ ಕೂತಿರುತ್ತವೆ. ಊದಿ ನೋಡಿ, ಜಗ್ಗುವುದಿಲ್ಲ.

ಗಿಡ ಎಸೆಯಬೇಡಿ. ಬಿಸಿಲಿನಲ್ಲಿ ಇಡಿ, ಹೂವು ಮುಗಿದ ಕಡ್ಡಿಯ ತುದಿ ಚಿವುಟಿ, ಮಳೆಗಾಲದಲ್ಲಿ ನಾಲ್ಕು ಬೆರಳು ಉದ್ದದ ಕಡ್ಡಿ ಕತ್ತರಿಸಿ ನೆಟ್ಟರೆ ಬೇರು ಬಿಡುತ್ತದೆ. ಅಜ್ಜಿಗೆ ಮಾತ್ರ ‘ನೀನೇ ಸರಿ’ ಅಂತ ಹೇಳಿ.

ನಾನು ರೈತ. ನಾಲೆ ಪಕ್ಕ ಜಮೀನು, ಕಬ್ಬು, ಭತ್ತ. ನಿಮ್ಮ ಬರಹ ಓದಿ ಕುಂತಿ ಬೆಟ್ಟದ ಕಡೆ ಹೋದಾಗ ಎರಡು ವಿಷ್ಣುಕ್ರಾಂತಿ ಗಿಡ ಬೇರು ಸಮೇತ ತಂದು ಮನೆ ಮುಂದೆ ನೆಟ್ಟೆ. ಕೊಟ್ಟಿಗೆ ಗೊಬ್ಬರ ಹಾಕಿದೆ, ದಿನಾ ನೀರು ಕೊಟ್ಟೆ. ಹತ್ತೇ ದಿನಕ್ಕೆ ಎರಡೂ ಕರಗಿ ಹೋದವು. ಕಬ್ಬು ಬೆಳೆಯೋ ಕೈಗೆ ಇಷ್ಟು ಪುಟ್ಟ ಗಿಡ ಬರಲ್ವಾ?
— ಪಾಂಡವಪುರ ತಾಲ್ಲೂಕು

ಕಬ್ಬು ಬೆಳೆಯುವ ಕೈ ಆದ್ದರಿಂದಲೇ ಬರಲಿಲ್ಲ. ಬೇಜಾರು ಮಾಡಿಕೊಳ್ಳಬೇಡಿ, ನಾನೂ ಇದನ್ನೇ ಮಾಡಿದವಳು.

ನನ್ನ ತಾಯಿಯ ಊರು ನಾಗಮಂಗಲದ ಕಡೆ. ಊರ ಹಿಂದೆ ಬೋರೆ. ಗರಸು ಮಣ್ಣು, ಅಲ್ಲಲ್ಲಿ ಆನೆ ಮಲಗಿದ ಹಾಗೆ ಬಂಡೆ. ಮದುವೆಯಾದ ಹೊಸತರಲ್ಲಿ ಅಲ್ಲಿಂದ ಒಂದು ಗಿಡ ಕೀಳಲು ಹೋದೆ. ಮೇಲೆ ಒಂದು ಗೇಣು ಅಗಲ ಹರಡಿತ್ತು, ಎಲೆ ಎಲ್ಲ ಎಳೆಎಳೆ. ಬೇರೂ ಹಾಗೇ ಇರುತ್ತದೆ ಅಂತ ಬುಡ ಹಿಡಿದು ಎಳೆದೆ. ಬರಲಿಲ್ಲ. ಹಂಚಿಕಡ್ಡಿಯಿಂದ ಕೆದಕಿದೆ. ಬುಡ ಪೆನ್ಸಿಲ್‌ನ ಹಾಗೆ ಕಟ್ಟಿಗೆಯಾಗಿತ್ತು. ಅದು ಬಿರುಕಿನೊಳಗೆ ಇಳಿದು, ಬಲಕ್ಕೆ ತಿರುಗಿ, ಕಲ್ಲಿನ ಕೆಳಗೆ ಎಲ್ಲಿಗೋ ಹೋಗಿತ್ತು. ಇನ್ನೊಂದು ಸಲ ಎಳೆದಾಗ ‘ಟಪ್’ ಅಂತು. ಕೈಯಲ್ಲಿ ಎರಡು ಅಂಗುಲ ಬೇರು ಉಳಿಯಿತು. ಮೈಸೂರಿಗೆ ತಂದು ಒಳ್ಳೇ ಕಪ್ಪು ಮಣ್ಣಿನಲ್ಲಿ ನೆಟ್ಟು, ಬಾಣಂತಿಗೆ ಮಾಡುವ ಹಾಗೆ ಆರೈಕೆ ಮಾಡಿದೆ. ಎಂಟನೇ ದಿನ ಬುಡ ಕಪ್ಪಾಗಿ, ಮುಟ್ಟಿದರೆ ಮೆತ್ತಗೆ. ಅರ್ಧ ಸತ್ತದ್ದು ಬೇರು ಮುರಿದದ್ದರಿಂದ, ಇನ್ನರ್ಧ ನನ್ನ ನೀರಿನಿಂದ.

ಸುಮ್ನೆ ಬೆಟ್ಟದಿಂದ ಕೀಳುವ ಆಸೆ ಬಿಡಿ. ಅಲ್ಲದೆ ಚಾಮುಂಡಿ ಬೆಟ್ಟದ ಕಾಡು ಮೀಸಲು ಅರಣ್ಯ, ಮೇಲುಕೋಟೆಯ ಸುತ್ತಲಿನ ಕಾಡು ತೋಳಗಳಿಗಾಗಿ 1974ರಲ್ಲಿ ಘೋಷಿಸಿದ ವನ್ಯಧಾಮ. ಅಲ್ಲೆಲ್ಲ ಗಿಡ ಕೀಳುವ ಹಾಗಿಲ್ಲ. ನಿಮ್ಮ ಜಮೀನಿನ ಮೇಲ್ಭಾಗದಲ್ಲಿ, ನಾಲೆ ನೀರು ಹತ್ತದ ಬದುವಿನಲ್ಲಿ ಹುಡುಕಿ. ನೂರಕ್ಕೆ ನೂರು ಅಲ್ಲೇ ಎಲ್ಲೋ ಇರುತ್ತದೆ, ದನ ಮೇಯುವ ಕಡೆ. ಅದರಿಂದ ಬೀಜ ತಗೊಳ್ಳಿ.

ಬೀಜದ ಕೆಲಸಕ್ಕೆ ತಾಳ್ಮೆ ಬೇಕು. ಹೂವು ಮುದುಡಿದ ಮೇಲೆ ತೊಟ್ಟು ನಿಧಾನವಾಗಿ ಕೆಳಕ್ಕೆ ಬಾಗುತ್ತದೆ. ತುದಿಯಲ್ಲಿ ಕೊತ್ತಂಬರಿ ಕಾಳಿನಷ್ಟು ಉರುಟು ಕಾಯಿ. ಅದು ಹಸಿರು ಬಿಟ್ಟು ಗೋಧಿ ಬಣ್ಣಕ್ಕೆ ಬಂದ ಕೂಡಲೇ ಕತ್ತರಿಸಿ ಕಾಗದದ ಪೊಟ್ಟಣಕ್ಕೆ ಹಾಕಿ. ಒಂದು ದಿನ ತಡ ಮಾಡಿದರೆ ಕಾಯಿ ನಾಲ್ಕು ಹೋಳಾಗಿ ಬಿರಿದು ಬೀಜ ನೆಲದ ಪಾಲು. ಒಂದು ಕಾಯಿಯಲ್ಲಿ ಹೆಚ್ಚೆಂದರೆ ನಾಲ್ಕು ಬೀಜ. ರಾಗಿ ಕಾಳಿನಷ್ಟು ದಪ್ಪ, ನುಣುಪು.

ಈ ಬೀಜದ ಸಿಪ್ಪೆ ಗಟ್ಟಿ. ನೀರು ಒಳಗೆ ಬಿಡುವುದಿಲ್ಲ. ಗೆಣಸಿನ ಮನೆತನದ ಬೀಜಗಳ ಬುದ್ಧಿಯೇ ಅದು. ಒಂದೇ ಮಳೆಗೆ ಎಲ್ಲವೂ ಮೊಳೆತು, ಆಮೇಲೆ ಮಳೆ ಕೈಕೊಟ್ಟರೆ ವಂಶವೇ ಹೋಗುತ್ತದಲ್ಲ. ಅದಕ್ಕೇ ಒಂದಷ್ಟು ಈ ವರ್ಷ, ಒಂದಷ್ಟು ಮುಂದಿನ ವರ್ಷ. ನಮಗೆ ಅಷ್ಟು ಕಾಯಲು ಆಗುವುದಿಲ್ಲ. ಬಡಗಿಗಳು ಬಳಸುವ ಪಾಲಿಶ್ ಪೇಪರಿನ ಎರಡು ತುಂಡಿನ ಮಧ್ಯೆ ಬೀಜ ಇಟ್ಟು, ಚಪಾತಿ ಹಿಟ್ಟು ಉಂಡೆ ಕಟ್ಟುವ ಹಾಗೆ ಮೆಲ್ಲಗೆ ನಾಲ್ಕು ಸುತ್ತು ಉಜ್ಜಿ. ಹೊಳಪು ಹೋದರೆ ಸಾಕು. ಪುಡಿ ಮಾಡಬೇಡಿ. ರಾತ್ರಿ ನೀರಿನಲ್ಲಿ ನೆನೆಸಿ. ಬೆಳಿಗ್ಗೆ ಉಬ್ಬಿದ ಬೀಜಗಳನ್ನು ಮಾತ್ರ ಬಿತ್ತಿ, ಉಬ್ಬದಿದ್ದವನ್ನು ಇನ್ನೊಮ್ಮೆ ಉಜ್ಜಿ.

ಕುಂಡ ಮಣ್ಣಿನದೇ ಇರಲಿ, ಪ್ಲಾಸ್ಟಿಕ್ ಬೇಡ. ಅಡಿಯಲ್ಲಿ ತೂತು ಒಂದಲ್ಲ, ಮೂರು. ಮಣ್ಣಿಗೆ ನನ್ನ ಅಳತೆ ಇಷ್ಟು: ಎರಡು ಬೋಗುಣಿ ಕೆಮ್ಮಣ್ಣು, ಎರಡು ಬೋಗುಣಿ ಗರಸು ಅಥವಾ ಜರಡಿ ಹಿಡಿದ ಸಣ್ಣ ಜಲ್ಲಿ, ಒಂದು ಬೋಗುಣಿ ಮರಳು, ಒಂದು ಹಿಡಿ ಕೊಳೆತ ಎಲೆ ಗೊಬ್ಬರ. ಒಂದು ಹಿಡಿ ಅಂದರೆ ಒಂದೇ ಹಿಡಿ. ಕೊಟ್ಟಿಗೆ ಗೊಬ್ಬರ, ಯೂರಿಯಾ, ತೆಂಗಿನ ನಾರಿನ ಪುಡಿ ಯಾವುದೂ ಬೇಡ. ನಾರಿನ ಪುಡಿ ನೀರು ಹಿಡಿದಿಟ್ಟುಕೊಳ್ಳುತ್ತದೆ, ಈ ಗಿಡಕ್ಕೆ ಅದೇ ವಿಷ. ಬೀಜವನ್ನು ಅದರ ದಪ್ಪದಷ್ಟೇ ಮಣ್ಣಿನಿಂದ ಮುಚ್ಚಿ, ಮೇಲೆ ಒಂದು ಪದರ ಜಲ್ಲಿ ಹರಡಿ. ಬುಡ ಒಣಗಿರಲು ಜಲ್ಲಿ ಬೇಕು.

ಮೊಳಕೆ ನಾಲ್ಕು ಎಲೆ ಬಿಡುವವರೆಗೆ ಮಣ್ಣು ಹಸಿ ಇರಲಿ. ಆಮೇಲೆ ಕುಂಡ ಎತ್ತಿ ನೋಡುವುದು ಅಭ್ಯಾಸ ಮಾಡಿಕೊಳ್ಳಿ. ಹಗುರ ಅನ್ನಿಸಿದರೆ ನೀರು, ಭಾರ ಇದ್ದರೆ ಬೇಡ. ನಮ್ಮ ತಾರಸಿಯಲ್ಲಿ ಮಳೆಗಾಲದಲ್ಲಿ ನಾನು ನೀರೇ ಹಾಕುವುದಿಲ್ಲ. ಏಪ್ರಿಲ್‌ನಲ್ಲಿ ವಾರಕ್ಕೆ ಎರಡು ಸಲ. ದಿನಕ್ಕೆ ಆರು ಗಂಟೆ ನೇರ ಬಿಸಿಲು ಬೇಕೇ ಬೇಕು. ನೆರಳಿನಲ್ಲಿ ಇಟ್ಟರೆ ಕಡ್ಡಿ ಉದ್ದಕ್ಕೆ ಸೊರಗಿ ಬೆಳೆದು, ಹೂವು ಬಿಡಲು ಮುನಿಸಿಕೊಳ್ಳುತ್ತದೆ.

ಒಂದು ಸಲ ಕುಂಡದಲ್ಲಿ ನೆಲೆಯಾದ ಮೇಲೆ ಜಾಗ ಬದಲಿಸಬೇಡಿ. ಬೇರಿನ ವಿಷಯ ಹೇಳಿದೆನಲ್ಲ.

ಪಿಯುಸಿ ಓದುತ್ತಿರುವ ಮಗನಿಗೆ ನೆನಪಿನ ಶಕ್ತಿಗೆ ವಿಷ್ಣುಕ್ರಾಂತಿ ಕಷಾಯ ಕೊಡಿ ಅಂತ ಪಕ್ಕದ ಮನೆಯವರು ಹೇಳುತ್ತಾರೆ. ಅಂಗಡಿಯಲ್ಲಿ ‘ಶಂಖಪುಷ್ಪಿ’ ಅಂತ ಸಿರಪ್ ಇದೆ. ಎರಡೂ ಒಂದೇನಾ? ಎಷ್ಟು ಕೊಡಬೇಕು?
— ಕೆ.ಆರ್. ಪೇಟೆ

ಎಷ್ಟು ಕೊಡಬೇಕು ಅನ್ನುವುದನ್ನು ನಾನು ಹೇಳುವುದಿಲ್ಲ, ಅದು ವೈದ್ಯರ ಕೆಲಸ. ಮೈಸೂರಿನಲ್ಲಿ 1908ರಿಂದ ಸರ್ಕಾರಿ ಆಯುರ್ವೇದ ಕಾಲೇಜು ಇದೆ, ಅಲ್ಲಿನ ಆಸ್ಪತ್ರೆಯಲ್ಲಿ ಕೇಳಿ.

ಹೆಸರಿನ ವಿಷಯ ಹೇಳಬಲ್ಲೆ. ‘ಶಂಖಪುಷ್ಪಿ’ ಒಂದು ಗಿಡದ ಹೆಸರಲ್ಲ. ಉತ್ತರ ಭಾರತದಲ್ಲಿ ಹಾಗಂದರೆ ಕಾನ್ವಾಲ್ವುಲಸ್ ಅನ್ನುವ ಬಿಳಿ ಹೂವಿನ ಗಿಡ. ಕೆಲವರಿಗೆ ನಮ್ಮ ವಿಷ್ಣುಕ್ರಾಂತಿ. ಕೇರಳದವರಿಗೆ ಬೇಲಿಯ ಮೇಲೆ ಹಬ್ಬುವ ಶಂಖಪುಷ್ಪದ ಬಳ್ಳಿ. ಅದು ಅವರೆಯ ಜಾತಿಗೆ ಸೇರಿದ್ದು, ಗೆಣಸಿನ ಮನೆತನವೇ ಅಲ್ಲ. ಆದ್ದರಿಂದ ಶೀಶೆಯ ಮೇಲಿನ ದೊಡ್ಡಕ್ಷರ ಬಿಟ್ಟು, ಹಿಂಭಾಗದ ಸಣ್ಣಕ್ಷರದಲ್ಲಿ ಯಾವ ಗಿಡ ಅಂತ ಓದಿ, ಅದನ್ನೂ ವೈದ್ಯರಿಗೆ ತೋರಿಸಿ.

ನಮ್ಮ ಅತ್ತೆ ನನ್ನ ಮಗನಿಗೆ ಹತ್ತನೇ ಕ್ಲಾಸಿನಲ್ಲಿ ತಿಂಗಳುಗಟ್ಟಲೆ ಇದರ ಕಷಾಯ ಕುಡಿಸಿದ್ದರು. ಅವನು ಈಗಲೂ ದಿನಾ ಬೆಳಿಗ್ಗೆ ಗಾಡಿ ಕೀ ಹುಡುಕುತ್ತಾನೆ.

ಮೇಲುಕೋಟೆಯಲ್ಲಿ, ರಾಯಗೋಪುರದ ಹತ್ತಿರ ತೆಗೆದ ಫೋಟೋ ಕಳಿಸಿದ್ದೇನೆ. ಕಡು ನೀಲಿ ಹೂವು, ಎರಡೇ ಎಸಳು ಎದ್ದು ಕಾಣುತ್ತವೆ. ವಿಷ್ಣುಕ್ರಾಂತಿಯೇ?
— ಕಾಲೇಜು ವಿದ್ಯಾರ್ಥಿನಿ, ಮೇಲುಕೋಟೆ

ಅಲ್ಲ. ಅದು ಕನ್ನೆ ಸೊಪ್ಪು. ನಿಮ್ಮ ಮನೆಯಲ್ಲಿ ಬೆರಕೆ ಸೊಪ್ಪಿನ ಸಾರು ಮಾಡುತ್ತಿದ್ದರೆ ಅಮ್ಮನನ್ನು ಕೇಳಿ, ಎಲೆ ನೋಡಿಯೇ ಹೇಳುತ್ತಾರೆ. ಹೂವು ದೋಣಿಯಂಥ ಹಸಿರು ಮಡಿಕೆಯೊಳಗಿಂದ ಇಣುಕುತ್ತದೆ. ಎಲೆಯ ನರಗಳು ಹುಲ್ಲಿನ ಹಾಗೆ ಉದ್ದಕ್ಕೆ ಓಡುತ್ತವೆ, ವಿಷ್ಣುಕ್ರಾಂತಿಯಲ್ಲಿ ಹಾಗಿಲ್ಲ. ಇದೂ ಬೆಳಗಿನ ಹೂವೇ. ಫೋಟೋ ಮಾತ್ರ ಚೆನ್ನಾಗಿದೆ, ಮಂಜಿನ ಹನಿ ಸಹಿತ ಬಂದಿದೆ.

ಗಣೇಶನ ಇಪ್ಪತ್ತೊಂದು ಪತ್ರೆಯಲ್ಲಿ ವಿಷ್ಣುಕ್ರಾಂತ ಪತ್ರೆ ಅಂತ ಬರುತ್ತದೆ. ಹೋದ ವರ್ಷ ಮಾರ್ಕೆಟ್ಟಿನಿಂದ ತಂದ ಪತ್ರೆ ಕಟ್ಟಿನಲ್ಲಿ ಅದರ ಬದಲು ಬೇರೆ ಯಾವುದೋ ಬಳ್ಳಿ ಇತ್ತು. ಈ ವರ್ಷ ನಾನೇ ಹುಡುಕಿ ತರಬೇಕು ಅಂತಿದ್ದೇನೆ.
— ನಿವೃತ್ತ ಶಿಕ್ಷಕರು, ಸರಸ್ವತಿಪುರಂ, ಮೈಸೂರು

ದೇವರಾಜ ಮಾರ್ಕೆಟ್ಟಿನಲ್ಲಿ ಹಬ್ಬದ ಹಿಂದಿನ ದಿನ ಕಟ್ಟು ಬಿಚ್ಚಿ ನೋಡುವುದು ನನಗೂ ಚಟ. ನಾನು ಕಂಡ ಹೆಚ್ಚಿನ ಕಟ್ಟುಗಳಲ್ಲಿ ಆ ಜಾಗದಲ್ಲಿ ಇದ್ದದ್ದು ಶಂಖಪುಷ್ಪದ ಬಳ್ಳಿ. ಒಂದು ಕಡ್ಡಿಗೆ ಐದೋ ಏಳೋ ಬಿಡಿ ಎಲೆ ಜೋಡಿಸಿಕೊಂಡಿದ್ದರೆ ಅದೇ. ಮಾರುವವರ ತಪ್ಪು ಅನ್ನಬೇಡಿ. ಸಂಸ್ಕೃತದಲ್ಲಿ ಅದಕ್ಕೂ ವಿಷ್ಣುಕ್ರಾಂತ ಅನ್ನುವ ಹೆಸರು ಇದೆ, ಕೆಲವು ಪುರೋಹಿತರು ಅದನ್ನೇ ಹೇಳುತ್ತಾರೆ. ನಿಮ್ಮ ಮನೆಯ ಪದ್ಧತಿ ಯಾವುದೋ ಅದನ್ನು ನೀವೇ ತೀರ್ಮಾನಿಸಿ.

ಭಾದ್ರಪದದಲ್ಲಿ ನೆಲದ ವಿಷ್ಣುಕ್ರಾಂತಿ ಚೆನ್ನಾಗಿ ಎಲೆ ತುಂಬಿಕೊಂಡಿರುತ್ತದೆ, ಹುಡುಕುವುದು ಕಷ್ಟ ಅಲ್ಲ. ಲೇಔಟ್ ಆಗಲು ಕಾಯುತ್ತಿರುವ ಖಾಲಿ ಗರಸು ಜಾಗಗಳಲ್ಲಿ ನೋಡಿ. ನನ್ನ ಒಂದು ಕೋರಿಕೆ. ಕತ್ತರಿ ತಗೊಂಡು ಹೋಗಿ, ಒಂದು ಗಿಡದಿಂದ ಎರಡು ಕಡ್ಡಿ ಮಾತ್ರ ಕತ್ತರಿಸಿ. ಬುಡ ಉಳಿದರೆ ಮತ್ತೆ ಚಿಗುರುತ್ತದೆ. ಒಂದು ಬೇಸಿಗೆಯಲ್ಲಿ ಬೆಂಕಿ ಬಿದ್ದು ಕಪ್ಪಾಗಿದ್ದ ಇಳಿಜಾರಿನಲ್ಲಿ, ಮೇ ತಿಂಗಳ ಎರಡು ಮಳೆ ಆದ ಮೇಲೆ, ಸುಟ್ಟ ಹುಲ್ಲಿನ ಬುಡಗಳ ನಡುವೆ ಇದರ ಬೆಳ್ಳಿ ಚಿಗುರು ನೋಡಿದ್ದೇನೆ. ಬೆಂಕಿಗೆ ಸಿಕ್ಕದ್ದು ಮೇಲಿನ ಕಡ್ಡಿ, ಕೆಳಗಿನ ಕಟ್ಟಿಗೆ ಬುಡ ಹಾಗೇ ಇತ್ತು. ಕೈಯಿಂದ ಬುಡ ಕಿತ್ತರೆ ಮಾತ್ರ ಅದಕ್ಕೆ ದಾರಿ ಇಲ್ಲ.

ಆಂಟಿ, ನಾನು ಆರನೇ ಕ್ಲಾಸ್. ಕರಿಘಟ್ಟ ಬೆಟ್ಟಕ್ಕೆ ಹೋಗಿದ್ದೆವು. ಕಲ್ಲಿನ ಮೇಲೆ ಗಿಡ ಇತ್ತು. ಕಲ್ಲು ಕಾಲು ಸುಡುತ್ತಿತ್ತು. ಗಿಡಕ್ಕೆ ನೀರು ಎಲ್ಲಿಂದ ಬರುತ್ತದೆ?
— ಶ್ರೀರಂಗಪಟ್ಟಣ

ಇಷ್ಟು ಪತ್ರಗಳಲ್ಲಿ ನನಗೆ ಜಾಸ್ತಿ ಇಷ್ಟವಾದ ಪ್ರಶ್ನೆ ನಿನ್ನದು, ಪುಟ್ಟಿ.

ಕಲ್ಲು ನೀರು ಕುಡಿಯುವುದಿಲ್ಲ. ಅದೇ ಗಿಡಕ್ಕೆ ಅನುಕೂಲ. ನಿಮ್ಮ ಮನೆಯ ಚಾಪೆಯಷ್ಟು ಅಗಲದ ಬಂಡೆ, ಒಂದು ಮೀಟರ್ ಉದ್ದ ಒಂದು ಮೀಟರ್ ಅಗಲ ಅಂದುಕೋ. ಅದರ ಮೇಲೆ 10 ಮಿಲಿಮೀಟರ್ ಮಳೆ ಬಿದ್ದರೆ ಲೆಕ್ಕಕ್ಕೆ 10 ಲೀಟರ್ ನೀರು, ಅಂದರೆ ಸಣ್ಣ ಬಕೆಟ್ ತುಂಬಾ. ಮಣ್ಣಾಗಿದ್ದರೆ ಅಷ್ಟೂ ಅಲ್ಲಲ್ಲೇ ಇಂಗುತ್ತಿತ್ತು. ಬಂಡೆ ಇಂಗಿಸಿಕೊಳ್ಳದೆ ಕೆಳಕ್ಕೆ ಜಾರಿಸುತ್ತದೆ. ಜಾರಿದ ನೀರು ಎಲ್ಲಿ ಬಿರುಕು ಇದೆಯೋ ಅಲ್ಲಿಗೆ ನುಗ್ಗುತ್ತದೆ. ಹಾಗಾಗಿ ಬಿರುಕಿನಲ್ಲಿ ಕೂತ ಗಿಡಕ್ಕೆ ತನ್ನ ಪಾಲಿನ ಮಳೆ ಜೊತೆಗೆ ಇಡೀ ಬಂಡೆಯ ಮಳೆಯೂ ಸಿಗುತ್ತದೆ. ಒಳಗೆ ಹೋದ ನೀರಿಗೆ ಕಲ್ಲೇ ಮುಚ್ಚಳ. ಮೇಲೆ ನಿನ್ನ ಕಾಲು ಸುಡುವಾಗಲೂ ಒಂದು ಗೇಣು ಕೆಳಗೆ ತಂಪಾಗಿರುತ್ತದೆ. ಬೇರು ಅಲ್ಲಿರುತ್ತದೆ. ಎಲೆ ಮೇಲಿನ ರೋಮವೂ ಸ್ವಲ್ಪ ಕೆಲಸ ಮಾಡುತ್ತದೆ, ಬಿಸಿಲನ್ನು ಒಂದಷ್ಟು ಹಿಂದಕ್ಕೆ ಕಳಿಸುತ್ತದೆ, ಒಣ ಗಾಳಿ ಎಲೆಗೆ ನೇರ ತಾಗದ ಹಾಗೆ ನೋಡಿಕೊಳ್ಳುತ್ತದೆ.

ಮುಂದಿನ ಸಲ ಬೆಟ್ಟಕ್ಕೆ ಹೋಗುವಾಗ ಒಂದು ಬಾಟಲಿ ನೀರು ಜಾಸ್ತಿ ತಗೊಂಡು ಹೋಗು. ಬೆಳಿಗ್ಗೆಯೇ ಹೋಗು, ಹೂವೂ ನೋಡಬಹುದು. ಗಿಡಕ್ಕಿಂತ ಎರಡು ಮಾರು ಮೇಲೆ, ಬರೀ ಬಂಡೆಯ ಮೇಲೆ ಆ ನೀರನ್ನು ನಿಧಾನವಾಗಿ ಸುರಿ. ಅದು ಯಾವ ದಾರಿಯಲ್ಲಿ ಹೋಯಿತು, ಎಷ್ಟು ಹೊತ್ತಿಗೆ ಗಿಡದ ಬುಡ ಮುಟ್ಟಿತು ಅಂತ ಚಿತ್ರ ಬರೆದು ನನಗೆ ಕಳಿಸು.